ಅನುಸ್ಥಾಪನಾ ಕೈಪಿಡಿಯ ಪರಿಷ್ಕರಣೆ: ಡೆಬಿಯನ್ ಪಠ್ಯವನ್ನು ಕುರಿತು ಕೆಲವು ವಿಚಾರಗಳು

ಕನ್ನಡದಲ್ಲಿ ತಾಂತ್ರಿಕ ಬರವಣಿಗೆಯನ್ನು ಕುರಿತು ನಡೆದಿರುವ ಚರ್ಚೆ ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಸುತ್ತಲೇ ಸುತ್ತಿದೆ. ‘ಕಂಪ್ಯೂಟರ್’ ಎನ್ನಬೇಕೆ ‘ಗಣಕ’ ಎನ್ನಬೇಕೆ, ‘ಫೈಲ್’ ಎಂಬುದಕ್ಕೆ ‘ಕಡತ’ ಒಗ್ಗುತ್ತದೆಯೆ ಎಂಬ ಬಗೆಯ ಪ್ರಶ್ನೆಗಳಿಗೆ ವಿಚಾರ ಸಂಕಿರಣಗಳಲ್ಲಿಯೂ ಪದಕೋಶಗಳ ಮುನ್ನುಡಿಗಳಲ್ಲಿಯೂ ಸಾಕಷ್ಟು ಸ್ಥಳ ದೊರೆತಿದೆ. ಪದವೊಂದು ಸ್ಥಿರಗೊಂಡರೆ ಬರವಣಿಗೆಯ ಸಮಸ್ಯೆ ಬಗೆಹರಿದಂತೆಯೇ ಎಂಬ ನಂಬಿಕೆ ಈ ಚರ್ಚೆಯ ಹಿನ್ನೆಲೆಯಲ್ಲಿದೆ. ಆದರೆ ಪದಗಳೆಲ್ಲ ಸರಿಯಾಗಿದ್ದೂ ವ್ಯಾಕರಣ ಶುದ್ಧವಾಗಿದ್ದೂ ಎರಡೇ ವರ್ಷಗಳಲ್ಲಿ ಸುಳ್ಳಾಗುವ ಪಠ್ಯಗಳಿವೆ. ಗಣಕದ ಕಾರ್ಯಾಚರಣ ವ್ಯವಸ್ಥೆಯ ಹೊಸ ಬಿಡುಗಡೆಯೊಂದಿಗೆ ಪ್ರಕಟವಾಗುವ ಅನುಸ್ಥಾಪನಾ ಸೂಚನೆಗಳು ಅಂಥವು. ಅವುಗಳಲ್ಲಿ ಬರವಣಿಗೆಯಷ್ಟೇ ಮುಖ್ಯವಾದುದು ಮರುಬರವಣಿಗೆ. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಒಂದಾದ ಡೆಬಿಯನ್‌ನ ಅನುಸ್ಥಾಪನಾ ಕೈಪಿಡಿಯನ್ನು ಆಧಾರವಾಗಿಟ್ಟುಕೊಂಡು ಈ ಮರುಬರವಣಿಗೆಯ ಸ್ವರೂಪವನ್ನೂ, ಅದು ಕನ್ನಡ ವಾಕ್ಯರಚನೆಯ ಮುಂದಿಡುವ ಪ್ರಶ್ನೆಗಳನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಸೂಚನಾ ಪಠ್ಯಗಳು ಕನ್ನಡಕ್ಕೆ ಹೊಸವಲ್ಲ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಅಡುಗೆಯ ಕ್ರಮಗಳನ್ನು ಪದ್ಯದಲ್ಲಿ ಹೇಳುತ್ತದೆ. ಶತಮಾನಗಳು ಕಳೆದರೂ ಅಕ್ಕಿ, ಬೇಳೆ, ಬೆಂಕಿಗಳ ಸ್ವಭಾವ ಬದಲಾಗಿಲ್ಲವಾದ್ದರಿಂದ ಅಂಥ ಕೃತಿಯ ಸೂಚನೆಗಳು ಹಳತಾದರೂ ಹುಸಿಯಾಗುವುದಿಲ್ಲ. ಅನುಸ್ಥಾಪನಾ ಕೈಪಿಡಿಯ ಸ್ಥಿತಿ ಬೇರೆ. ಅದು ನಿರ್ದೇಶಿಸುವ ವಸ್ತುವೇ ಓದುಗನ ಕೈಯಲ್ಲಿ ಬದಲಾಗುತ್ತಿರುತ್ತದೆ. ಇದರ ಜೊತೆಗೆ ಇನ್ನೊಂದು ವೈಶಿಷ್ಟ್ಯವೂ ಉಂಟು. ಉಳಿದ ತಂತ್ರಾಂಶಗಳ ಕೈಪಿಡಿಯನ್ನು ಓದುವವನ ಮುಂದೆ ನಡೆಯುತ್ತಿರುವ ಯಂತ್ರವೊಂದಿರುತ್ತದೆ. ಸಂದೇಹ ಬಂದರೆ ಅದನ್ನೇ ಕೇಳಬಹುದು. ಅನುಸ್ಥಾಪನೆಯ ಹೊತ್ತಿನಲ್ಲಿ ಮುಂದಿರುವ ಯಂತ್ರ ಇನ್ನೂ ಮಾತು ಕಲಿತಿರುವುದಿಲ್ಲ. ಕೈಪಿಡಿ ಹೇಳಿದ್ದೇ ಆಗ ಪ್ರಮಾಣ.

ಯೂನಿಕ್ಸ್ ಪರಂಪರೆಯಲ್ಲಿ ಈ ಎಚ್ಚರ ಮೊದಲಿನಿಂದಲೂ ಇದೆ. ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಸಿದ್ಧಪಡಿಸಿದ ಮೊದಲ ಕೈಪಿಡಿ ೧೯೭೧ರ ನವೆಂಬರ್ ೩ರ ದಿನಾಂಕವನ್ನು ಹೊತ್ತಿದೆ. ಒಂದೊಂದು ಆದೇಶದ ವಿವರಣೆಯ ಕೊನೆಗೆ ಆ ಆದೇಶದ ದೋಷಗಳನ್ನು ತಿಳಿಸುವ ಭಾಗವೊಂದನ್ನು ಇರಿಸುವ ಪದ್ಧತಿ ಅಲ್ಲಿಂದಲೇ ಬಂದದ್ದು. ತಾನು ವಿವರಿಸುವ ವಸ್ತು ಪೂರ್ಣವಲ್ಲವೆಂದು ಒಪ್ಪಿಕೊಂಡ ಪಠ್ಯವದು. ೧೯೭೯ರಲ್ಲಿ ಯೂನಿಕ್ಸ್‌ನ ಏಳನೆಯ ಆವೃತ್ತಿ ಹೊರಬಂದಾಗ ಚಾರ್ಲ್ಸ್ ಹೇಲಿ ಮತ್ತು ರಿಚಿ ಅದರ ಸ್ಥಾಪನೆಯ ಕ್ರಮವನ್ನು ಕುರಿತು ಕಿರುಲೇಖವೊಂದನ್ನು ಬರೆದರು. ಪಿಡಿಪಿ-೧೧ ಯಂತ್ರಕ್ಕೆ ಕಾಂತೀಯ ಪಟ್ಟಿಯಿಂದ ವ್ಯವಸ್ಥೆಯನ್ನು ಇಳಿಸುವುದು ಹೇಗೆಂದು ಅದು ತಿಳಿಸುತ್ತದೆ; ಪಟ್ಟಿಯನ್ನು ತಾನಾಗಿ ಓದುವ ಅನುಕೂಲ ಯಂತ್ರದಲ್ಲಿಲ್ಲದಿದ್ದರೆ ಅಷ್ಟಮಾನ ಪದ್ಧತಿಯ ಸಂಖ್ಯೆಗಳ ಸಾಲೊಂದನ್ನು ಕೈಯಿಂದಲೇ ಸ್ಮೃತಿಗೆ ತುಂಬಬೇಕಾಗಿತ್ತು. ಆ ಸಂಖ್ಯೆಗಳಲ್ಲಿ ಒಂದು ತಪ್ಪಿದರೂ ಮುಂದಿನ ಪುಟಗಳೆಲ್ಲ ನಿರರ್ಥಕ. ಆದರೆ ಅಂದಿನ ಓದುಗವರ್ಗ ಚಿಕ್ಕದು, ಯಂತ್ರಗಳೂ ಕೆಲವೇ ಮಾದರಿಯವು. ಆದ್ದರಿಂದ ಪರಿಷ್ಕರಣೆ ಅಂದು ದೊಡ್ಡ ಸಮಸ್ಯೆಯಾಗಿ ಕಾಣಿಸಿಕೊಂಡಂತಿಲ್ಲ.

ಸಮಸ್ಯೆ ತನ್ನ ಪೂರ್ಣ ಸ್ವರೂಪದಲ್ಲಿ ಕಾಣಿಸುವುದು ಡೆಬಿಯನ್‌ನಂಥ ಯೋಜನೆಗಳಲ್ಲಿ. ೧೯೯೩ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆ ಸ್ವಯಂಸೇವಕರಿಂದ ನಡೆಯುವಂಥದ್ದು. ಅದರ ಸ್ಥಿರ ಬಿಡುಗಡೆಗಳು ಸುಮಾರು ಎರಡು ವರ್ಷಗಳಿಗೊಮ್ಮೆ ಬರುತ್ತವೆ. ಪ್ರತಿ ಬಿಡುಗಡೆಗೂ ಒಂದು ಸಂಖ್ಯೆಯೂ ‘ಟಾಯ್ ಸ್ಟೋರಿ’ ಚಲನಚಿತ್ರದ ಪಾತ್ರವೊಂದರ ಹೆಸರೂ ಇರುತ್ತವೆ: ೨೦೦೯ರದು ಲೆನ್ನಿ, ೨೦೧೧ರದು ಸ್ಕ್ವೀಜ್, ೨೦೧೯ರದು ಬಸ್ಟರ್, ೨೦೨೩ರದು ಬುಕ್‌ವರ್ಮ್, ೨೦೨೫ರ ಆಗಸ್ಟ್ ೯ರಂದು ಬಂದದ್ದು ಟ್ರಿಕ್ಸಿ. ವ್ಯವಸ್ಥೆ ಒಂದೇ ಆದರೂ ಅದು ನಡೆಯುವ ಯಂತ್ರವರ್ಗಗಳು ಹಲವು. ಹನ್ನೆರಡನೆಯ ಬಿಡುಗಡೆಯಲ್ಲಿ ಅಂಥ ಒಂಬತ್ತು ವರ್ಗಗಳಿಗೆ ಅಧಿಕೃತ ಬೆಂಬಲವಿತ್ತು. ಹದಿಮೂರನೆಯದರಲ್ಲಿ ಏಳಕ್ಕೆ ಇದೆ. ಮೇಜಿನ ಮೇಲಿನ ಸಾಧಾರಣ ಗಣಕದಿಂದ ಐಬಿಎಮ್‌ನ ಮಹಾಗಣಕದವರೆಗೆ ಇವುಗಳ ವ್ಯಾಪ್ತಿ.

ಇಷ್ಟು ಯಂತ್ರಗಳಿಗೆ ಇಷ್ಟು ಕೈಪಿಡಿಗಳನ್ನು ಬೇರೆಬೇರೆಯಾಗಿ ಬರೆದರೆ ತಿದ್ದುವವರಿಗೆ ಉಳಿಗಾಲವಿಲ್ಲ. ಹಾಗಾಗಿ ಡೆಬಿಯನ್ ಕೈಪಿಡಿಯ ಮೂಲ ಒಂದೇ. ಅದು ‘ಡಾಕ್‌ಬುಕ್’ ಎಂಬ ಗುರುತು ಪದ್ಧತಿಯಲ್ಲಿದೆ. ಇಂಥ ಯಂತ್ರಕ್ಕೆ ಮಾತ್ರ ಅನ್ವಯಿಸುವ ಕಂಡಿಕೆಗೆ ಆ ಯಂತ್ರದ ಹೆಸರನ್ನು ನಿಬಂಧನೆಯಾಗಿ ಅಂಟಿಸಲಾಗಿರುತ್ತದೆ. ಕೈಪಿಡಿಯನ್ನು ಹೊರತೆಗೆಯುವಾಗ ನಿಬಂಧನೆಗೆ ಹೊಂದುವ ಕಂಡಿಕೆಗಳು ಮಾತ್ರ ಉಳಿದು ಮಿಕ್ಕವು ಬಿಟ್ಟುಹೋಗುತ್ತವೆ. ಬಿಡುಗಡೆಯ ಹೆಸರು, ಸಂಖ್ಯೆ, ಬೇಕಾದ ಕನಿಷ್ಠ ಸ್ಮೃತಿಯ ಪ್ರಮಾಣ ಮುಂತಾದವನ್ನು ವಾಕ್ಯದೊಳಗೆ ನೇರವಾಗಿ ಬರೆಯದೆ ಸಂಕೇತವೊಂದನ್ನು ಇಟ್ಟಿರುತ್ತಾರೆ. ಬೆಲೆ ಒಂದು ಕಡೆ ಬದಲಾದರೆ ಸಂಕೇತವಿರುವ ಕಡೆಗಳಲ್ಲೆಲ್ಲ ಬದಲಾಗುತ್ತದೆ. ಓದುಗನ ಕೈಸೇರುವ ಪುಸ್ತಕವನ್ನು ಯಾರೂ ಆ ರೂಪದಲ್ಲಿ ಬರೆದಿರುವುದಿಲ್ಲ. ಅದು ಒಂದು ಮೂಲದಿಂದ ಆಯ್ದು ಹೊಲಿದ ಪಾಠ.

ಇದನ್ನು ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ನೋಡಲು ಕನ್ನಡ ಅಧ್ಯಾಪಕರಿಗೆ ಸಹಜವಾಗಿಯೇ ಮನಸ್ಸಾಗುತ್ತದೆ. ಆದರೆ ಹೋಲಿಕೆಗೆ ಮಿತಿಯುಂಟು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯಂಥ ಶಾಸ್ತ್ರಗ್ರಂಥ ಪ್ರತಿಪಾದಿಸುವ ಕೆಲಸದ ಗುರಿ ಕವಿಯ ಮೂಲಪಾಠವನ್ನು ಸಮೀಪಿಸುವುದು, ಕಾಲ ಸೇರಿಸಿದ್ದನ್ನು ಕಳೆಯುವುದು. ಇಲ್ಲಿ ಮೂಲಕ್ಕೆ ಹಿಂದಿರುಗುವ ಮಾತೇ ಇಲ್ಲ. ೨೦೦೨ರ ಪಾಠ ಎಷ್ಟು ಶುದ್ಧವಾಗಿ ದೊರೆತರೂ ಇಂದಿನ ಯಂತ್ರಕ್ಕೆ ಅದು ಅಪಪಾಠ. ಶುದ್ಧಪಾಠದ ನಿರ್ಣಯಕ್ಕೆ ಹಸ್ತಪ್ರತಿಯ ಬದಲು ಯಂತ್ರವೇ ಸಾಕ್ಷಿ.

ಪರಿಷ್ಕರಣೆಯೆಂದರೆ ಹೊಸದನ್ನು ಸೇರಿಸುವುದು ಎಂಬ ಭಾವನೆ ಸಾಮಾನ್ಯ. ಡೆಬಿಯನ್ ಕೈಪಿಡಿಯ ಚರಿತ್ರೆಯನ್ನು ಗಮನಿಸಿದರೆ ಕಷ್ಟದ ಕೆಲಸ ಅಳಿಸುವುದೆಂದು ತಿಳಿಯುತ್ತದೆ. ೨೦೦೨ರಲ್ಲಿ ಬಂದ ೩.೦ ಆವೃತ್ತಿಯವರೆಗೆ ಅನುಸ್ಥಾಪಕ ತಂತ್ರಾಂಶದ ಹೆಸರೇ ‘ಬೂಟ್-ಫ್ಲಾಪೀಸ್’. ೨೦೦೫ರ ೩.೧ರಲ್ಲಿ ಹೊಸ ಅನುಸ್ಥಾಪಕ ಅದರ ಸ್ಥಾನವನ್ನು ಪಡೆಯಿತು. ಫ್ಲಾಪಿಗಳ ಮಾತು ಮಾತ್ರ ಕೈಪಿಡಿಯಿಂದ ಒಮ್ಮೆಲೇ ಹೋಗಲಿಲ್ಲ. ಎಲ್ಲಿಯೋ ಒಬ್ಬ ಓದುಗನ ಯಂತ್ರ ಫ್ಲಾಪಿಯಿಂದಲೇ ಎಚ್ಚರಗೊಳ್ಳಬೇಕಾಗಿರುವ ತನಕ ಆ ಕಂಡಿಕೆಗೆ ಬದುಕುವ ಹಕ್ಕಿದೆ. ಬಿಎಸ್‌ಡಿ ಪರಂಪರೆಯ ಫ್ರೀಬಿಎಸ್‌ಡಿ ಇಂಥದೇ ಇಕ್ಕಟ್ಟನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿತು. ೨೦೧೨ರ ಜನವರಿಯಲ್ಲಿ ಅದರ ೯.೦ ಆವೃತ್ತಿ ಹೊಸ ಅನುಸ್ಥಾಪಕದೊಡನೆ ಬಂದಾಗ ಕೈಪಿಡಿಯಲ್ಲಿ ಹಿಂದಿನ ಆವೃತ್ತಿಗಳಿಗೊಂದು, ಹೊಸದಕ್ಕೊಂದು ಎಂದು ಎರಡು ಅಧ್ಯಾಯಗಳನ್ನು ಅಕ್ಕಪಕ್ಕದಲ್ಲಿಯೇ ಇರಿಸಲಾಯಿತು. ಹಳೆಯದನ್ನು ತಿದ್ದುವುದಕ್ಕಿಂತ ಅದರ ಮೇಲೆ ಅದರ ಕಾಲವನ್ನು ಬರೆದಿಡುವುದು ಕೆಲವೊಮ್ಮೆ ಹೆಚ್ಚು ಪ್ರಾಮಾಣಿಕವಾದ ಮಾರ್ಗ.

ಕೆಲವು ಸಾಲುಗಳ ಹಿಂದೆ ದೀರ್ಘವಾದ ವಾದವಿವಾದಗಳೂ ಇರುತ್ತವೆ. ನಿಸ್ತಂತು ಜಾಲದ ಕಾರ್ಡಿನಂಥ ಅನೇಕ ಉಪಕರಣಗಳು ಕೆಲಸ ಮಾಡಬೇಕಾದರೆ ಅವುಗಳೊಳಗೆ ತುಂಬಬೇಕಾದ ಚಿಕ್ಕ ತಂತ್ರಾಂಶವೊಂದಿರುತ್ತದೆ. ಅದನ್ನು ಫರ್ಮ್‌ವೇರ್ ಎನ್ನುತ್ತಾರೆ. ಅದರ ಆಕರ ಬಹಳ ಸಲ ಮುಕ್ತವಲ್ಲ. ಮುಕ್ತವಲ್ಲದ್ದನ್ನು ತನ್ನ ಅಧಿಕೃತ ಅನುಸ್ಥಾಪನಾ ಪ್ರತಿಯಲ್ಲಿ ಸೇರಿಸಲು ಡೆಬಿಯನ್ ಬಹುಕಾಲ ಒಪ್ಪಿರಲಿಲ್ಲ. ಆದ್ದರಿಂದ ಆ ಕಡತಗಳನ್ನು ಮೊದಲೇ ಹುಡುಕಿ ಇನ್ನೊಂದು ಪೆನ್ ಡ್ರೈವಿನಲ್ಲಿ ಸಿದ್ಧವಾಗಿಟ್ಟುಕೊಳ್ಳುವ ಬಗೆಯನ್ನು ಕೈಪಿಡಿ ವಿವರಿಸುತ್ತಿತ್ತು. ೨೦೨೨ರಲ್ಲಿ ಸದಸ್ಯರ ಮತದಾನ ನಡೆದು, ಯೋಜನೆಯ ಮೂಲ ಪ್ರತಿಜ್ಞೆಯಾದ ‘ಸಾಮಾಜಿಕ ಒಪ್ಪಂದ’ದ ಐದನೆಯ ಅಂಶಕ್ಕೇ ಮಾತು ಸೇರಿಸಿ, ಫರ್ಮ್‌ವೇರನ್ನು ಅಧಿಕೃತ ಪ್ರತಿಯೊಳಗೆ ಬರಮಾಡಿಕೊಳ್ಳಲು ತೀರ್ಮಾನವಾಯಿತು. ೨೦೨೩ರ ಜೂನ್ ೧೦ರಂದು ಬಂದ ಬುಕ್‌ವರ್ಮ್ ಆ ತೀರ್ಮಾನದ ಫಲ. ತತ್ತ್ವದ ಮಟ್ಟದಲ್ಲಿ ಇಷ್ಟು ದೊಡ್ಡದಾದ ಪಲ್ಲಟ ಕೈಪಿಡಿಯ ಓದುಗನಿಗೆ ಮುಟ್ಟುವುದು ಒಂದು ಸಹಾಯಕ ಕ್ರಿಯೆಯ ಬದಲಾವಣೆಯಾಗಿ. ‘ಸಿದ್ಧಪಡಿಸಿಕೊಳ್ಳಬೇಕು’ ಎಂದಿದ್ದದ್ದು ‘ಸಾಮಾನ್ಯವಾಗಿ ಸಿದ್ಧಪಡಿಸಿಕೊಳ್ಳಬೇಕಾಗಿಲ್ಲ’ ಎಂದಾಗುತ್ತದೆ.

ಹಳೆಯ ಪಾಠ ತೊಡಕು ತಂದರೆ ಓದುಗ ಹೇಗೋ ನಿಭಾಯಿಸಬಹುದು. ಹಳೆಯ ಪಾಠ ಅಪಾಯವಾಗುವ ಸಂದರ್ಭಗಳೂ ಇವೆ. ಲಿನಕ್ಸ್‌ನಲ್ಲಿ ಗಣಕದ ಪ್ರತಿಯೊಂದು ಡಿಸ್ಕಿಗೂ ಒಂದು ಹೆಸರಿರುತ್ತದೆ. ಹಿಂದೆ ಐಡಿಇ ಬಗೆಯ ಹಾರ್ಡ್ ಡಿಸ್ಕನ್ನು ‘ಎಚ್‌ಡಿಎ’ ಎಂದು ಕರೆಯಲಾಗುತ್ತಿತ್ತು. ಹೊರಗಿನಿಂದ ಚುಚ್ಚಿದ ಪೆನ್ ಡ್ರೈವನ್ನು ವ್ಯವಸ್ಥೆ ಸ್ಕಸಿ ವರ್ಗಕ್ಕೆ ಸೇರಿಸಿ ನೋಡುತ್ತಿದ್ದುದರಿಂದ, ಅಂಥ ಯಂತ್ರದಲ್ಲಿ ಬೇರೆ ಸ್ಕಸಿ ಡಿಸ್ಕ್ ಇಲ್ಲದಿದ್ದರೆ ಪೆನ್ ಡ್ರೈವಿಗೆ ದೊರೆಯುತ್ತಿದ್ದ ಹೆಸರು ‘ಎಸ್‌ಡಿಎ’. ಮುಂದೆ ಕರ್ನೆಲ್‌ನ ಒಳಗಿನ ವ್ಯವಸ್ಥೆ ಬದಲಾಗಿ, ೨೦೧೧ರ ಸ್ಕ್ವೀಜ್ ಹೊತ್ತಿಗೆ ಐಡಿಇ ಡಿಸ್ಕುಗಳೂ ‘ಎಸ್‌ಡಿ’ ವರ್ಗಕ್ಕೇ ಸೇರಿದವು. ಈಗ ‘ಎಸ್‌ಡಿಎ’ ಎಂಬುದು ಬಹುಮಟ್ಟಿಗೆ ಒಳಗಿನ ಹಾರ್ಡ್ ಡಿಸ್ಕಿನದೇ ಹೆಸರಾಯಿತು. ಪೆನ್ ಡ್ರೈವು ‘ಎಸ್‌ಡಿಬಿ’ಗೋ ಅದರ ಮುಂದಕ್ಕೋ ಸರಿಯಿತು. ಅನುಸ್ಥಾಪನೆಯ ಪ್ರತಿಯನ್ನು ‘ಎಸ್‌ಡಿಎ’ ಮೇಲೆ ಬರೆಯಿರಿ ಎಂಬ ವಾಕ್ಯ ಹಳೆಯ ಯಂತ್ರದಲ್ಲಿ ಖಾಲಿ ಪೆನ್ ಡ್ರೈವಿನ ಮೇಲೆ ಬರೆಯುತ್ತದೆ. ಹೊಸ ವ್ಯವಸ್ಥೆಯಲ್ಲಿ ಅದೇ ವಾಕ್ಯ ಓದುಗನ ವರ್ಷಗಳ ಕೆಲಸವಿರುವ ಡಿಸ್ಕನ್ನು ಅಳಿಸುತ್ತದೆ. ವಾಕ್ಯದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಅರ್ಥ ತಿರುಗುಮುರುಗಾಗಿದೆ.

ಕೈಪಿಡಿ ಇದಕ್ಕೆ ಕಂಡುಕೊಂಡಿರುವ ಪರಿಹಾರವೂ ಭಾಷಿಕವಾದದ್ದೇ. ನಿರ್ದಿಷ್ಟ ನಾಮದ ಸ್ಥಾನದಲ್ಲಿ ‘ಎಸ್‌ಡಿಎಕ್ಸ್’ ಎಂಬ ಸ್ಥಾನಸೂಚಕವನ್ನಿಟ್ಟು, ಎಕ್ಸ್ ಎಂಬಲ್ಲಿಗೆ ಬರಬೇಕಾದ ಅಕ್ಷರವನ್ನು ಓದುಗನೇ ತನ್ನ ಯಂತ್ರದಲ್ಲಿ ಪರೀಕ್ಷಿಸಿ ತುಂಬಬೇಕೆಂದು ಅದು ಹೇಳುತ್ತದೆ. ತಪ್ಪು ಅಕ್ಷರದಿಂದ ಆಗುವ ನಷ್ಟವನ್ನೂ ಎಚ್ಚರಿಸುತ್ತದೆ. ಪಠ್ಯ ತನಗೆ ಗೊತ್ತಿರಲಾಗದ ಸಂಗತಿಯನ್ನು ಹೇಳಲು ನಿರಾಕರಿಸಿ ಓದುಗನಿಗೆ ಜಾಗ ಬಿಡುತ್ತದೆ. ಜಾಲಸಂಪರ್ಕದ ಹೆಸರುಗಳಲ್ಲಿಯೂ ಇಂಥ ಪಲ್ಲಟ ನಡೆದಿದೆ. ೨೦೧೭ರ ಸ್ಟ್ರೆಚ್ ಬಿಡುಗಡೆಯಿಂದ ಹೊಸ ಅನುಸ್ಥಾಪನೆಗಳಲ್ಲಿ ‘ಇಟಿಎಚ್‌೦’ ಎಂಬ ಚಿರಪರಿಚಿತ ಹೆಸರಿನ ಬದಲು ಕಾರ್ಡು ಕುಳಿತಿರುವ ಸ್ಥಳವನ್ನು ಸೂಚಿಸುವ ಉದ್ದದ ಹೆಸರುಗಳು ಬಂದವು. ಅಲ್ಲಿ ತಪ್ಪಿದರೆ ಸಂಪರ್ಕ ಸಿಕ್ಕುವುದಿಲ್ಲ, ಅಷ್ಟೆ.

ಅನುವಾದಗಳ ಪ್ರಶ್ನೆ ಏಳುವುದು ಈ ಹಂತದಲ್ಲಿ. ಮೂಲ ಬದಲಾದಾಗ ಅನುವಾದ ತನ್ನಷ್ಟಕ್ಕೆ ಬದಲಾಗುವುದಿಲ್ಲ. ಡೆಬಿಯನ್ ಕೈಪಿಡಿಯ ಕೆಲವು ಹಳೆಯ ಅನುವಾದಗಳಲ್ಲಿ ಪ್ರತಿ ಕಡತದ ತಲೆಯಲ್ಲಿ ಒಂದು ಟಿಪ್ಪಣಿ ಇರುತ್ತಿತ್ತು: ಮೂಲದ ಎಷ್ಟನೆಯ ಪರಿಷ್ಕರಣೆಯಿಂದ ಇದನ್ನು ಅನುವಾದಿಸಲಾಗಿದೆ ಎಂಬ ಸಂಖ್ಯೆ. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ಬರೆಯುವ ಕಾಲಸೂಚನೆಯ ಆಧುನಿಕ ರೂಪವಿದು. ಇನ್ನೊಂದು ಪದ್ಧತಿಯಲ್ಲಿ ಮೂಲದ ಒಂದೊಂದು ಕಂಡಿಕೆಯೂ ಅದರ ಅನುವಾದದೊಡನೆ ಜೋಡಿಯಾಗಿರುತ್ತದೆ. ಮೂಲದ ಕಂಡಿಕೆ ತುಸು ಬದಲಾದರೂ ಆ ಜೋಡಿಗೆ ‘ಅಸ್ಪಷ್ಟ’ ಎಂಬ ಗುರುತು ಬೀಳುತ್ತದೆ. ಅನುವಾದಕ ಬಂದು ನೋಡಿ ಒಪ್ಪುವವರೆಗೆ ಹೊರಬರುವ ಪುಸ್ತಕದಲ್ಲಿ ಆ ಕಂಡಿಕೆ ಇಂಗ್ಲಿಷಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ಪುಟದ ನಡುವೆ ಪರಭಾಷೆಯ ತುಣುಕು ನುಗ್ಗಿದ್ದು ಭಾಷಾಭಿಮಾನಿಗೆ ಹಿತವಾಗಲಾರದು. ಆದರೂ ಡಿಸ್ಕಿನ ಹೆಸರಿನ ಉದಾಹರಣೆಯನ್ನು ನೆನೆದರೆ, ಸುಳ್ಳಾಗಿರುವ ಕನ್ನಡ ಕಂಡಿಕೆಗಿಂತ ನಿಜವಾಗಿರುವ ಇಂಗ್ಲಿಷ್ ಕಂಡಿಕೆಯೇ ಕನ್ನಡ ಓದುಗನಿಗೆ ಹೆಚ್ಚು ಉಪಕಾರಿಯೆಂದು ಒಪ್ಪಬೇಕಾಗುತ್ತದೆ.

ಕನ್ನಡ ಈ ಕಥೆಯೊಳಕ್ಕೆ ನೇರವಾಗಿ ಪ್ರವೇಶಿಸಿದ್ದು ೨೦೧೧ರಲ್ಲಿ. ಅದು ಪ್ರವೇಶಿಸಿದ್ದು ಕೈಪಿಡಿಯ ಭಾಷೆಯಾಗಿ ಅಲ್ಲ, ಅನುಸ್ಥಾಪಕದ ತೆರೆಯ ಭಾಷೆಯಾಗಿ. ಕೈಪಿಡಿ ಬೇರೆ, ಅನುಸ್ಥಾಪನೆಯ ವೇಳೆ ಯಂತ್ರವೇ ತೆರೆಯ ಮೇಲೆ ಕೇಳುವ ಪ್ರಶ್ನೆಗಳು ಬೇರೆ. ಆ ವರ್ಷದ ಫೆಬ್ರವರಿ ೬ರಂದು ಬಂದ ಸ್ಕ್ವೀಜ್‌ನಲ್ಲಿ ಲಾವೋ, ಸಿಂಹಳ, ತೆಲುಗುಗಳೊಡನೆ ಕನ್ನಡವೂ ಚಿತ್ರಾತ್ಮಕ ಅನುಸ್ಥಾಪಕಕ್ಕೆ ಸೇರಿತು. ಬರಿಯ ಅಕ್ಷರಗಳ ತೆರೆಯಲ್ಲಿ ಅಲ್ಲ, ಚಿತ್ರಾತ್ಮಕ ತೆರೆಯಲ್ಲಿ ಮಾತ್ರ. ಕಾರಣ ಲಿಪಿಯದು: ಒಂದು ಅಕ್ಷರಕ್ಕೆ ಒಂದು ಚೌಕವೆಂಬ ಲೆಕ್ಕದಲ್ಲಿ ನಡೆಯುವ ಸರಳ ತೆರೆಗೆ ಒತ್ತಕ್ಷರ, ಗುಣಿತಾಕ್ಷರಗಳನ್ನು ಕೂಡಿಸಿ ಮೂಡಿಸುವ ಶಕ್ತಿಯಿಲ್ಲ. ೨೦೦೭ರ ೪.೦ ಆವೃತ್ತಿಯಲ್ಲಿ ಚಿತ್ರಾತ್ಮಕ ಅನುಸ್ಥಾಪಕ ಬಂದದ್ದರಿಂದ ಭಾರತೀಯ ಲಿಪಿಗಳಿಗೆ ಬಾಗಿಲು ತೆರೆಯಿತು. ಅದೇ ಸ್ಕ್ವೀಜ್ ಬಿಡುಗಡೆಯಲ್ಲಿ ಎರಡು ಭಾಷೆಗಳು ಪಟ್ಟಿಯಿಂದ ಹೊರಬಿದ್ದವು: ಪಶ್ಚಿಮ ಆಫ್ರಿಕದ ವೋಲೋಫ್ ಮತ್ತು ಬ್ರಿಟನ್ನಿನ ವೆಲ್ಷ್. ಅವುಗಳ ಅನುವಾದ ಕೆಟ್ಟದ್ದೆಂದಲ್ಲ, ಅನುವಾದವನ್ನು ಪರಿಷ್ಕರಿಸುತ್ತ ಬಂದವರಿರಲಿಲ್ಲ ಎಂಬುದೇ ಕಾರಣ. ವೆಲ್ಷ್ ೨೦೧೩ರ ವೀಜಿ ಬಿಡುಗಡೆಯಲ್ಲಿ ಮರಳಿ ಬಂತು. ಕನ್ನಡ ಒಳಬಂದ ಬಾಗಿಲಿನಿಂದಲೇ ಎರಡು ಭಾಷೆಗಳು ಹೊರಹೋದುದನ್ನು ನಮ್ಮ ಚರ್ಚೆಗಳು ಗಮನಿಸಿದಂತೆ ಕಾಣುವುದಿಲ್ಲ.

ಕೈಪಿಡಿಯಂತೂ ಕನ್ನಡದಲ್ಲಿ ಇಲ್ಲ. ಅದನ್ನು ಕನ್ನಡಿಸಹೊರಟರೆ ಎದುರಾಗುವ ಮೊದಲ ತೊಡಕು ಪದಗಳದಲ್ಲ, ವಿಭಕ್ತಿಯದು. ಬಿಡುಗಡೆಯ ಹೆಸರಿಗೆ ಬದಲಾಗಿ ಸಂಕೇತವನ್ನಿಡುವ ಪದ್ಧತಿ ಇಂಗ್ಲಿಷಿಗೆ ಸುಲಭ. ಅಲ್ಲಿ ಉಪಸರ್ಗ ಹೆಸರಿನ ಮೊದಲು ಪ್ರತ್ಯೇಕವಾಗಿ ನಿಲ್ಲುತ್ತದೆ, ಹೆಸರು ಬದಲಾದರೆ ವಾಕ್ಯಕ್ಕೆ ಏನೂ ಆಗುವುದಿಲ್ಲ. ಕನ್ನಡದಲ್ಲಿ ಪ್ರತ್ಯಯ ಹೆಸರಿನ ಕೊನೆಯ ವರ್ಣವನ್ನು ನೋಡಿ ತನ್ನ ರೂಪವನ್ನು ನಿರ್ಧರಿಸುತ್ತದೆ. ‘ಲೆನ್ನಿಯಲ್ಲಿ’, ‘ಟ್ರಿಕ್ಸಿಯಲ್ಲಿ’ ಎಂಬಲ್ಲಿ ಯಕಾರಾಗಮ. ‘ಬಸ್ಟರ್‌ನಲ್ಲಿ’, ‘ಬುಕ್‌ವರ್ಮಿನಲ್ಲಿ’ ಎಂಬಲ್ಲಿ ಬೇರೆ ರೂಪ. ಸಂಕೇತಕ್ಕೆ ‘ಯಲ್ಲಿ’ ಎಂದು ಅಂಟಿಸಿಬಿಟ್ಟರೆ ಜೆಸ್ಸಿಗೆ ಸರಿಹೊಂದಿದ ವಾಕ್ಯ ಬಸ್ಟರ್ ಬಂದಾಗ ‘ಬಸ್ಟರ್‌ಯಲ್ಲಿ’ ಎಂಬ ವಿಕಾರವಾಗುತ್ತದೆ. ಪಾರಾಗಲು ಎರಡು ದಾರಿಗಳಿವೆ. ಹೆಸರಿನ ಮುಂದೆ ‘ಆವೃತ್ತಿ’ ಎಂಬ ಪದವನ್ನಿಟ್ಟು ಪ್ರತ್ಯಯದ ಭಾರವನ್ನು ಅದಕ್ಕೆ ಹೊರಿಸುವುದು ಒಂದು: ‘ಬಸ್ಟರ್ ಆವೃತ್ತಿಯಲ್ಲಿ’, ‘ಟ್ರಿಕ್ಸಿ ಆವೃತ್ತಿಗೆ’. ಹೆಸರಿನ ಬದಲು ಸಂಖ್ಯೆಯನ್ನೇ ಬಳಸುವುದು ಇನ್ನೊಂದು. ಕನ್ನಡದ ಸಂಖ್ಯಾವಾಚಕಗಳು ನಪುಂಸಕದಲ್ಲಿ ‘ರ’ಕಾರಾಗಮವನ್ನು ಪಡೆಯುವುದರಿಂದ ‘೧೧ರಲ್ಲಿ’, ‘೧೨ರಲ್ಲಿ’, ‘೧೩ರಲ್ಲಿ’ ಎಂದು ಪ್ರತ್ಯಯದ ರೂಪ ಸ್ಥಿರವಾಗಿರುತ್ತದೆ. ಸಾವಿರ, ಲಕ್ಷಗಳಲ್ಲಿ ಈ ನಿಯಮ ಮುರಿಯುತ್ತದೆ. ಅಷ್ಟು ಬಿಡುಗಡೆಗಳಾಗುವ ಭಯ ಸದ್ಯಕ್ಕಿಲ್ಲ. ತೆರೆಯ ಪ್ರಶ್ನೆಗಳಲ್ಲಿ ಡಿಸ್ಕಿನ ಹೆಸರು, ಪಾರ್ಟಿಶನ್ನಿನ ಸಂಖ್ಯೆ ಇತ್ಯಾದಿ ಯಂತ್ರವೇ ತುಂಬುವ ಜಾಗಗಳಲ್ಲಿಯೂ ಇದೇ ವಿವೇಚನೆ ಬೇಕಾಗುತ್ತದೆ. ಸಮಾಸ, ಸಂಧಿಗಳನ್ನು ಬಿಗಿಯಾಗಿ ಹೆಣೆದ ಸುಂದರ ವಾಕ್ಯ ಇಲ್ಲಿ ಗುಣವಲ್ಲ. ಬಿಚ್ಚಿ ಮತ್ತೆ ಕೂಡಿಸಲು ಬರುವ ವಾಕ್ಯವೇ ಬಾಳುತ್ತದೆ.

ಎರಡನೆಯ ತೊಡಕು ವಿಧಿ, ಸಂಭಾವನೆಗಳದು. ಇಂಗ್ಲಿಷಿನ ‘ಶುಡ್’ ಎಂಬ ಒಂದೇ ಪದ ಕೈಪಿಡಿಗಳಲ್ಲಿ ಮೂರು ಕೆಲಸ ಮಾಡುತ್ತದೆ: ಆಜ್ಞೆ, ಸಲಹೆ, ನಿರೀಕ್ಷೆ. ಪೆನ್ ಡ್ರೈವಿಗೆ ಇಂಥ ಹೆಸರು ‘ಬಂದಿರಬೇಕು’ ಎಂಬ ನಿರೀಕ್ಷೆಯ ಮಾತನ್ನು ‘ಬರಬೇಕು’ ಎಂದು ಅನುವಾದಿಸಿದರೆ, ಹೆಸರನ್ನು ತಾನೇ ಹಾಗೆ ಬದಲಿಸಬೇಕೇನೋ ಎಂದು ಓದುಗ ತಿಳಿಯುತ್ತಾನೆ. ನಿಷೇಧದಲ್ಲಾದರೋ ಕನ್ನಡ ಬಹಳ ಸ್ಪಷ್ಟ. ‘ಬಾರದು’, ‘ಕೂಡದು’ಗಳು ಒಂದು ಕಡೆ, ‘ಬೇಕಿಲ್ಲ’ ಇನ್ನೊಂದು ಕಡೆ ಖಚಿತವಾಗಿ ನಿಲ್ಲುತ್ತವೆ. ಫರ್ಮ್‌ವೇರ್ ಪ್ರಸಂಗದಂತೆ ಬಿಡುಗಡೆಯಿಂದ ಬಿಡುಗಡೆಗೆ ಆಗುವ ಬದಲಾವಣೆ ಈ ಸಹಾಯಕ ರೂಪಗಳಲ್ಲಿಯೇ ಅಡಗಿರುವುದರಿಂದ, ಪರಿಷ್ಕರಿಸುವವನು ಮೊದಲು ಕಣ್ಣಾಡಿಸಬೇಕಾದದ್ದು ನಾಮಪದಗಳ ಮೇಲಲ್ಲ, ವಾಕ್ಯಗಳ ಕೊನೆಗಳ ಮೇಲೆ.

ವಾಕ್ಯಕ್ರಮ ಕನ್ನಡಕ್ಕೆ ಅನುಕೂಲವಾಗಿಯೇ ಇದೆ. ಮೊದಲು ಕ್ರಿಯೆಯನ್ನು ಹೇಳಿ ಆಮೇಲೆ ನಿಬಂಧನೆಯನ್ನು ಸೇರಿಸುವುದು ಇಂಗ್ಲಿಷಿನಲ್ಲಿ ಸಾಮಾನ್ಯ. ಅವಸರದ ಓದುಗ ನಿಬಂಧನೆಯನ್ನು ಓದುವ ಮೊದಲೇ ಕೀಲಿಯನ್ನು ಒತ್ತಿರುತ್ತಾನೆ. ಕನ್ನಡದಲ್ಲಿ ‘ಇದ್ದರೆ’, ‘ಖಚಿತಪಡಿಸಿಕೊಂಡ ಮೇಲೆ’ ಎಂಬ ಭಾಗ ಸಹಜವಾಗಿಯೇ ಮೊದಲು ಬರುತ್ತದೆ. ಮೂಲದ ಕ್ರಮಕ್ಕೆ ನಿಷ್ಠೆ ತೋರಿಸಲೆಂದು ವಾಕ್ಯವನ್ನು ಎರಡಾಗಿ ಒಡೆದು, ‘ಬರೆಯಿರಿ. ಆದರೆ ಅದಕ್ಕೆ ಮುನ್ನ ಹೆಸರನ್ನು ಪರೀಕ್ಷಿಸಿ’ ಎಂದು ಮಾಡುವ ಅನುವಾದ ಈ ಅನುಕೂಲವನ್ನು ಕೈಯಾರೆ ಕಳೆದುಕೊಳ್ಳುತ್ತದೆ.

ಇಡೀ ಕೈಪಿಡಿ ಒಂದು ಭಾಷಾ ವಿಭಾಗದ ಕೈಗೆ ಒಮ್ಮೆಲೇ ಎಟುಕುವಂಥದ್ದಲ್ಲ. ಆದರೆ ಅದರ ಮೊದಲ ಅನುಬಂಧ ಅನುಸ್ಥಾಪನೆಯ ಇಡೀ ಕ್ರಮವನ್ನು ಕೆಲವೇ ಪುಟಗಳಲ್ಲಿ ಸಂಗ್ರಹಿಸಿ ಹೇಳುತ್ತದೆ. ಕನ್ನಡದ ಕೆಲಸ ಅಲ್ಲಿಂದ ಆರಂಭವಾಗಬಹುದು. ಆಗ ಯಾವ ಬಿಡುಗಡೆಯನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆಗೂ ಉತ್ತರ ಹುಡುಕಬೇಕಾಗುತ್ತದೆ. ಹದಿಮೂರನೆಯ ಬಿಡುಗಡೆಯಲ್ಲಿ ‘ಐ೩೮೬’ ಎಂಬ ೩೨ ಬಿಟ್ ಯಂತ್ರವರ್ಗಕ್ಕೆ ಅನುಸ್ಥಾಪಕವಿಲ್ಲ. ಅಂಥ ಹಳೆಯ ಗಣಕವೊಂದು ಇನ್ನೂ ನಡೆಯುತ್ತಿರುವ ಪ್ರಯೋಗಾಲಯದ ಮಟ್ಟಿಗೆ ಹೊಸ ಕೈಪಿಡಿ ಅಪ್ರಸ್ತುತ, ಹನ್ನೆರಡರದ್ದೇ ಸರಿಯಾದ ಪಾಠ. ಹಾಗಾಗಿ ಕನ್ನಡ ಪಠ್ಯದ ಪ್ರತಿ ಪುಟದ ತಲೆಯಲ್ಲಿ ಬಿಡುಗಡೆಯ ಸಂಖ್ಯೆ, ಯಂತ್ರವರ್ಗದ ಹೆಸರು, ಮೂಲದ ಪರಿಷ್ಕರಣೆಯ ಗುರುತು ಈ ಮೂರೂ ಇರಬೇಕಾಗುತ್ತದೆ. ಹೊಸ ಪಾಠ ಬಂದಾಗ ಹಳೆಯದನ್ನು ತೆಗೆದುಹಾಕದೆ ಅದರ ಗುರುತಿನೊಡನೆ ಪಕ್ಕಕ್ಕೆ ಇರಿಸಬೇಕಾಗುತ್ತದೆ.